ಒಂದರಿಂದ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಸಂಗೀತದ ಪೀರಿಯಡ್‌ನಲ್ಲಿ ಏನೇನು ಮಾಡಿಸ್ತೀರಿ?

ಠಾಣೆ_ಟೀಚರ್
ಎಲ್ಲರಿಗೂ ನಮಸ್ಕಾರ. ಠಾಣೆಯ ಒಂದು ಶಾಲೆಯಲ್ಲಿ ಈ ವರ್ಷದಿಂದ ಪ್ರೈಮರಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೇನೆ. ಭಾನುವಾರ ನಮ್ಮ ಕನ್ನಡ ಸಂಘದ ಮಕ್ಕಳ ಕ್ಲಾಸೂ ನನ್ನದೇ. ಶಾಲೆಯಲ್ಲಿ ಪೀರಿಯಡ್ ಅಂದರೆ 35 ನಿಮಿಷ. ನಲವತ್ತು ಮಕ್ಕಳು, ಒಂದು ಹಾರ್ಮೋನಿಯಂ, ಬೆಂಚು ತುಂಬಿದ ರೂಮು. ಗೋಡೆಯ ಆಚೆ ಗಣಿತದ ಕ್ಲಾಸ್ ಇರುತ್ತದೆ, ಜಾಸ್ತಿ ಗಲಾಟೆ ಮಾಡುವಂತಿಲ್ಲ.

ಕೂರಿಸಿ ಸರಳೆ ವರಸೆ, ಅಂದರೆ ಸ ರಿ ಗ ಮ ಏರಿಳಿತದ ಮೊದಲ ಪಾಠ, ಹೇಳಿಸಿದರೆ ಮೊದಲ ಹತ್ತು ನಿಮಿಷ ಚೆನ್ನಾಗಿ ಹೋಗುತ್ತದೆ. ಆಮೇಲೆ ಹಿಂದಿನ ಬೆಂಚಿನಿಂದ ಪೆನ್ಸಿಲ್ ಡಬ್ಬಿ ಸದ್ದು ಶುರು. ಐದಾರು ಮಕ್ಕಳು ಏನು ಹೇಳಿಸಿದರೂ ಕೆಳಗಿನ ಒಂದೇ ಸ್ವರದಲ್ಲಿ ಗೊಣಗುತ್ತಾರೆ. ಮೊದಲಿದ್ದ ಟೀಚರ್ ಅವರಿಗೆ "ನೀವು ಸುಮ್ನೆ ಬಾಯಿ ಆಡಿಸಿ ಸಾಕು" ಅಂದಿದ್ದರಂತೆ. ಕೇಳಿ ತುಂಬಾ ಬೇಜಾರಾಯಿತು. ಭಾನುವಾರದ ಮಕ್ಕಳಲ್ಲಿ ಅರ್ಧಕ್ಕರ್ಧ ಮನೆಯಲ್ಲಿ ಹಿಂದಿ, ಮರಾಠಿ ಮಾತಾಡುವವರು. ಅವರಿಂದ ನವೆಂಬರ್‌ನ ರಾಜ್ಯೋತ್ಸವಕ್ಕೆ ಹಾಡು ಹೇಳಿಸಬೇಕು.

ಕ್ಲಾಸಿನಲ್ಲಿ ನಿಜವಾಗಿ ಮಾಡಿಸಿ ನೋಡಿದ್ದನ್ನು ಹೇಳಿ. ದುಬಾರಿ ವಾದ್ಯ ಬೇಡ, ಶಾಲೆ ಕೊಡಿಸುವುದಿಲ್ಲ.

ಡೊಂಬಿವಲಿ_ಅಮ್ಮ
ಮೊದಲು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಅಕ್ಕ. ಆರು ವರ್ಷದ ಮಗು 35 ನಿಮಿಷ ಕೂರುತ್ತಾ?

ಪುಣೆ_ಗದಗ
ಅಮ್ಮ ಹೇಳಿದ್ದೇ ಸರಿ. ನಾನು ಕೋಥ್ರೂಡ್‌ನಲ್ಲಿ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತೇನೆ, ಜೊತೆಗೆ ಒಂದು ಶಾಲೆಯಲ್ಲಿ ಪ್ರೈಮರಿ ಮಕ್ಕಳೂ ಇದ್ದಾರೆ. ಲಯ ಕಾಲಿನಿಂದ ಶುರುವಾಗಬೇಕು ನೋಡ್ರಿ. ನಾನು ಡಗ್ಗಾ (ತಬಲಾ ಜೋಡಿಯ ದೊಡ್ಡ ವಾದ್ಯ) ಮೇಲೆ ಒಂದೇ ಸಮನೆ ನಡಿಗೆ ಬಾರಿಸುತ್ತೇನೆ, ಮಕ್ಕಳು ಅದಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾರೆ. ದುಗುನ್, ಅಂದರೆ ಎರಡು ಪಟ್ಟು ವೇಗ ಮಾಡಿದರೆ ಸಣ್ಣ ಹೆಜ್ಜೆ, ಬೇಗ ಬೇಗ. ನಿಲ್ಲಿಸಿದರೆ ಎಲ್ಲರೂ ಸ್ಟ್ಯಾಚು. ಅಲುಗಾಡಿದವರನ್ನು ಆಟದಿಂದ ಹೊರಗೆ ಹಾಕಬೇಡಿ. ಹೊರಗೆ ಕೂತ ಮಗುವೇ ಗಲಾಟೆ ಮಾಡೋದು. ಅವರನ್ನೇ ಕರೆದು ಮುಂದಿನ ಸಲ ಡಗ್ಗಾ ಬಾರಿಸಲು ಕೊಡಿ.

ಬೆಂಚಿನ ಮಧ್ಯೆ ಜಾಗ ಇಲ್ಲ ಅಂದರೆ ನಿಂತಲ್ಲೇ ಹೆಜ್ಜೆ. ಆಮೇಲೆ ಕೆಹರವಾ ತಾಳದ ಎಂಟು ಮಾತ್ರೆ, ದಾದರಾ ತಾಳದ ಆರು. ದಾದರಾಕ್ಕೆ ಮಕ್ಕಳು ತಾವಾಗಿಯೇ ಅತ್ತಿತ್ತ ತೂಗುತ್ತಾರೆ, ಹೇಳಿಕೊಡಬೇಕಾಗಿಯೇ ಇಲ್ಲ. ಎಲ್ಲಾ ಮುಗಿದ ಮೇಲೆ "ಯಾವುದು ಆರು, ಯಾವುದು ಎಂಟು?" ಅಂತ ಕೇಳಿ. ಥಟ್ ಅಂತ ಹೇಳುತ್ತಾರೆ.

ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್ ದಾಲ್‌ಕ್ರೋಜ್ (1865–1950) ಕಲಿಸಿದ್ದೂ ಇದನ್ನೇ. ಸ್ವರ ಓದಲು ಬರುವ ವಿದ್ಯಾರ್ಥಿಗಳಿಗೇ ಲಯ ಹಿಡಿಯಲು ಆಗುತ್ತಿಲ್ಲ ಅಂತ ನೋಡಿ, ಅವರನ್ನು ಎಬ್ಬಿಸಿ ನಡೆಸಿದರು.

ಮಾಟುಂಗಾ_ವೀಣೆ
ಆಟ ಆಡಿಸುವುದು ಪಿಟಿ ಮಾಸ್ತರರ ಕೆಲಸ. ವಾರಕ್ಕೆ ಒಂದೋ ಎರಡೋ ಪೀರಿಯಡ್ ಸಿಗುವುದು, ಅದರಲ್ಲೂ ಸ್ಟ್ಯಾಚು ಆಡಿದರೆ ಮಕ್ಕಳು ಸಂಗೀತ ಕಲಿಯುವುದು ಯಾವಾಗ? ಪುರಂದರದಾಸರು (1484–1564) ಹಾಕಿಕೊಟ್ಟ ದಾರಿ ನಮಗಿದೆ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ ಅನ್ನುವ ಸ್ವರಾಭ್ಯಾಸ. ಆ ರಾಗವನ್ನು ಸುಮ್ನೆ ಆರಿಸಿದ್ದಲ್ಲ. ಸ ರಿ ಗ ಮ ನಡುವೆ ಎಷ್ಟೆಷ್ಟು ಅಂತರವೋ ಪ ದ ನಿ ಸ ನಡುವೆಯೂ ಅಷ್ಟಷ್ಟೇ. ಕೆಳಗಿನ ಅರ್ಧ ಬಂತು ಅಂದರೆ ಮೇಲಿನ ಅರ್ಧವೂ ಬಂದ ಹಾಗೆ. ಸಣ್ಣ ಅಂತರ, ದೊಡ್ಡ ಅಂತರ ಎರಡೂ ಮೊದಲ ದಿನದಿಂದಲೇ ಕಿವಿಗೆ ಬೀಳುತ್ತವೆ.

ಪುಣೆ_ಗದಗ
ವೀಣೆ ಮೇಡಂ, ಮನೆಗೆ ಬಂದು ಪಾಠ ಹೇಳಿಸಿಕೊಳ್ಳುವ ಮಗುವಿಗೆ ಅದು ಸರಿ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ನಿಮ್ಮ ಶುದ್ಧ ರಿಷಭ, ಅಂದರೆ ಸ ಪಕ್ಕದ ಸಣ್ಣ ರಿ, ಯಾರ ಬಾಯಲ್ಲಿ ನಿಲ್ಲುತ್ತದೆ ಹೇಳಿ. ಅರ್ಧ ಮಕ್ಕಳು ಸ ಮೇಲೆಯೇ ಇರುತ್ತಾರೆ, ಇನ್ನರ್ಧ ಮಕ್ಕಳು ದೊಡ್ಡ ರಿಷಭಕ್ಕೆ ಹಾರಿರುತ್ತಾರೆ. ನಾನು ಭೂಪ್ ರಾಗ ಇಟ್ಟುಕೊಳ್ಳುತ್ತೇನೆ, ನಿಮ್ಮ ಮೋಹನ. ಐದೇ ಸ್ವರ, ಅರ್ಧ ಸ್ವರದ ಅಂತರ ಎಲ್ಲೂ ಇಲ್ಲ. ಮಕ್ಕಳು ತಮಗೆ ತೋಚಿದ್ದು ಹಾಡಿದರೂ ಒಂದಕ್ಕೊಂದು ಕಚ್ಚುವುದಿಲ್ಲ. ಜರ್ಮನಿಯ ಕಾರ್ಲ್ ಆರ್ಫ್ ಮಕ್ಕಳ ಕ್ಸೈಲೋಫೋನಿನಿಂದ ಮ ಮತ್ತು ನಿ ಪಟ್ಟಿಗಳನ್ನು ತೆಗೆದಿಡಿಸುತ್ತಿದ್ದರು. ಉಳಿಯುವುದು ಇದೇ ಐದು.

ಮಾಟುಂಗಾ_ವೀಣೆ
ತೋಚಿದ್ದು ಹಾಡುವುದು ಬೇರೆ, ಸ್ವರ ಹಿಡಿಯುವುದು ಬೇರೆ. ಕಷ್ಟ ಅಂತ ಶುದ್ಧ ರಿಷಭ ಬಿಟ್ಟರೆ ಅದು ಮುಂದೆ ಬರುವುದು ಯಾವಾಗ?

ಪುಣೆ_ಗದಗ
ಮೂರನೇ ಕ್ಲಾಸಿಗೆ ಬರಲಿ ಮೇಡಂ. ಅಲ್ಲಿಯವರೆಗೆ ಕಿವಿ ಗಟ್ಟಿಯಾಗಲಿ.

ಕುರ್ಲಾ_ಚಂಡೆ
ಜಗಳ ಬೇಡ ಮಾರಾಯ್ರೆ, ಇಬ್ಬರದ್ದೂ ಬೇಕು. ನಾನು ಇಲ್ಲಿ ಮಕ್ಕಳಿಗೆ ಯಕ್ಷಗಾನದ ತಾಳ ಹೇಳಿಕೊಡುವವ. ವಾದ್ಯ ಮುಟ್ಟಿಸುವ ಮೊದಲು ಬಾಯಿತಾಳ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ. ಸಣ್ಣ ಮಕ್ಕಳಿಗೆ ಇದಕ್ಕಿಂತ ರುಚಿಯಾದದ್ದು ತಿಂಡಿಯ ಹೆಸರು. ಕಡುಬು ಅಂದರೆ ಮೂರು, ಅವಲಕ್ಕಿ ಅಂದರೆ ನಾಲ್ಕು. ಅರ್ಧ ಕ್ಲಾಸ್ ಕಡುಬು, ಅರ್ಧ ಕ್ಲಾಸ್ ಅವಲಕ್ಕಿ. ಚಪ್ಪಾಳೆ ಬೇಡ ಅಂದರೆ ಎರಡು ಬೆರಳಿನಿಂದ ಅಂಗೈಗೆ ತಟ್ಟಿಸಿ, ಗಣಿತದ ಟೀಚರಿಗೆ ಕೇಳಿಸುವುದಿಲ್ಲ.

ವಡಾಲಾ_ಮೇಷ್ಟ್ರು
ಒಂದು ಸಣ್ಣ ತಿದ್ದುಪಡಿ. ಅವಲಕ್ಕಿಯಲ್ಲಿ ಅಕ್ಷರ ನಾಲ್ಕು ಇರಬಹುದು, ಮಾತ್ರೆ ಐದು. ಒತ್ತಕ್ಷರದ ಹಿಂದಿನ "ಲ" ಗುರು, ಅದಕ್ಕೆ ಎರಡು ಮಾತ್ರೆ. ಮಕ್ಕಳು ಬಾಯಲ್ಲಿ ಸರಿಯಾಗಿಯೇ ಎಳೆಯುತ್ತಾರೆ, ನೀವು ನಾಲ್ಕಕ್ಕೆ ಹೊಡೆಸಿದರೆ ಕೈ ಬೇರೆ ಬಾಯಿ ಬೇರೆ ಆಗುತ್ತದೆ. ನಾಲ್ಕಕ್ಕೆ "ಬಿಸಿಬಿಸಿ" ಇಟ್ಟುಕೊಳ್ಳಿ, ನಾಲ್ಕೂ ಲಘು. ಅವಲಕ್ಕಿ, ಉಪ್ಪಿಟ್ಟು, ಮೊಸರನ್ನ ಎಲ್ಲಾ ಐದರ ಗುಂಪಿಗೆ.

ಆಗ ಇನ್ನೊಂದು ಲಾಭ ಇದೆ. "ಕಡುಬು ಬಿಸಿಬಿಸಿ, ಕಡುಬು ಬಿಸಿಬಿಸಿ" ಅಂತ ಹೇಳಿಸಿ ನೋಡಿ. ಮೂರು ನಾಲ್ಕು, ಮೂರು ನಾಲ್ಕು. ಒಟ್ಟು 14 ಮಾತ್ರೆ. ಭಾಮಿನಿ ಷಟ್ಪದಿಯ ಮೊದಲ ಸಾಲು ಇದೇ ನಡೆ. ಕುಮಾರವ್ಯಾಸನ ಲಯ ಎರಡನೇ ಕ್ಲಾಸಿಗೇ ಕೈಗೆ ಬಂತು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಅಂದಾಗ ಆ ಮಕ್ಕಳು ಹೆದರುವುದಿಲ್ಲ. ಕನ್ನಡ ಪಾಠ ಮಾಡುವಾಗ ಛಂದಸ್ಸನ್ನು ತಟ್ಟಿಯೇ ಹೇಳಿಕೊಟ್ಟವನು ನಾನು. ಬೋರ್ಡಿನ ಮೇಲೆ ಬರೀ ಗೆರೆ ಎಳೆದರೆ ಯಾರಿಗೂ ತಲೆಗೆ ಹತ್ತುವುದಿಲ್ಲ.

ಕುರ್ಲಾ_ಚಂಡೆ
ಮೇಷ್ಟ್ರೇ, ನೀವು ಹೇಳಿದ ಏಳು ನಮ್ಮ ಯಕ್ಷಗಾನದ ತ್ರಿವುಡೆ ತಾಳ! ನಾಳೆಯಿಂದಲೇ ಕಡುಬು ಬಿಸಿಬಿಸಿ.

ಡೊಂಬಿವಲಿ_ಅಮ್ಮ
ನನ್ನ ಮಗಳಿಗೆ ಈಗಷ್ಟೇ ಹೇಳಿಕೊಟ್ಟೆ. ಊಟದ ತಟ್ಟೆ ಬಡಿಯುತ್ತಾ ಮನೆಯೆಲ್ಲಾ ಕಡುಬು ಬಿಸಿಬಿಸಿ ಮಾಡುತ್ತಿದ್ದಾಳೆ. ಕೆಳಗಿನ ಫ್ಲ್ಯಾಟಿನವರು ಬರುವ ಮೊದಲು ಬೆರಳಿಗೆ ಇಳಿಸಬೇಕು.

ಠಾಣೆ_ಟೀಚರ್
ಇದು ತುಂಬಾ ಚೆನ್ನಾಗಿದೆ, ಮೇಷ್ಟ್ರೇ. ಮರಾಠಿ ಮಕ್ಕಳಿಗೂ ಕಡುಬು ಗೊತ್ತು. ಆ ಗೊಣಗುವ ಮಕ್ಕಳ ಬಗ್ಗೆ ಯಾರಾದರೂ ಹೇಳಿ. ಒಬ್ಬ ಹುಡುಗ ಇದ್ದಾನೆ, ಹಾಡು ಅಂದರೆ ಪ್ರಾಣ, ಸಾಹಿತ್ಯ ಎಲ್ಲಾ ಬಾಯಿಪಾಠ. ಸ್ವರ ಮಾತ್ರ ಮೇಲೇರುವುದೇ ಇಲ್ಲ.

ಚೆಂಬೂರು_ವೃಂದ
ಮಕ್ಕಳ ವೃಂದಗಾನ ಮಾಡಿಸುತ್ತೇನೆ. ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ "ಬಾಯಿ ಆಡಿಸಿ ಸಾಕು" ಅಂದ ಮಾತು ಒಂದು ಮಗುವಿನ ಜೊತೆ ಜೀವನವಿಡೀ ಉಳಿಯುತ್ತದೆ. ನಲವತ್ತು ದಾಟಿದವರು ಬಂದು "ನನಗೆ ಹಾಡಲು ಬರಲ್ಲ, ಶಾಲೆಯಲ್ಲೇ ಹೇಳಿಬಿಟ್ಟಿದ್ದರು" ಅನ್ನುತ್ತಾರೆ. ಹೀಗೆ ಗೊಣಗುವ ಮಕ್ಕಳಲ್ಲಿ ಬಹುತೇಕರ ಕಿವಿ ಸರಿಯಾಗಿಯೇ ಇರುತ್ತದೆ. ಮಾತಾಡುವ ಗಂಟಲಿನಲ್ಲೇ ಹಾಡಲು ನೋಡುತ್ತಾರೆ ಅಷ್ಟೇ. ಗಂಟಲಿಗೆ ಮೇಲಿನ ದಾರಿ ಗೊತ್ತಾಗಿಲ್ಲ.

ಮೊದಲು ನೀವು ಯಾವ ಶ್ರುತಿ ಹಿಡಿಯುತ್ತೀರಿ ನೋಡಿ. ದೊಡ್ಡ ಹೆಂಗಸರು ಐದೂವರೆ ಮನೆ ಶ್ರುತಿ ಹಿಡಿದರೆ, ಅಂದರೆ ಕಾಳಿ ನಾಲ್ಕು (ಹಾರ್ಮೋನಿಯಂನ ನಾಲ್ಕನೇ ಕಪ್ಪು ಪಟ್ಟಿ), ಆ ಕೆಳಗಿನ ಸ ಸಣ್ಣ ಮಕ್ಕಳಿಗೆ ಗುಂಡಿಗೆ ಇಳಿದ ಹಾಗೆ. ಈ ವಯಸ್ಸಿಗೆ ಆರಾಮಾಗಿ ಸಿಗುವುದು ಹೆಚ್ಚುಕಡಿಮೆ ಮಿಡಲ್ ಸಿ (ಕೀಬೋರ್ಡಿನ ನಡುವಿನ ಸಿ) ಇಂದ ಮೇಲಿನ ಸಿ ತನಕ. ಒಂದು, ಒಂದೂವರೆ ಅಥವಾ ಎರಡು ಮನೆಯಲ್ಲಿ, ಮಿಡಲ್ ಸಿ ಕಡೆಯ ಸ್ಥಾಯಿಯಲ್ಲಿ ಸ ಇಡಿ. ಗಂಡಸರು ಹೇಳಿಕೊಡುವಾಗ ಇನ್ನೂ ಕಷ್ಟ, ಅವರ ದನಿ ಒಂದು ಸ್ಥಾಯಿ ಕೆಳಗೆ. ಮಕ್ಕಳು ಅದನ್ನೇ ಹಿಡಿಯಲು ಹೋಗಿ ಗೊಣಗುತ್ತಾರೆ. ಅಂಥ ಕ್ಲಾಸಿನಲ್ಲಿ ಸರಿಯಾಗಿ ಹಾಡುವ ಒಂದು ಮಗುವನ್ನೇ ಮುಂದೆ ನಿಲ್ಲಿಸಿ, ಉಳಿದವರು ಆ ಮಗುವನ್ನು ಅನುಸರಿಸಲಿ.

ಆಮೇಲೆ ಆ ಹುಡುಗನಿಗೆ ಸ್ವರವೇ ಬೇಡ. ಆಂಬುಲೆನ್ಸ್ ಸೈರನ್ ಮಾಡಿಸಿ, ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ. ಕೋಗಿಲೆ ಕೂಗಿಸಿ. ಕೈಯಿಂದ ಗಾಳಿಯಲ್ಲಿ ಗುಡ್ಡದ ಗೆರೆ ಎಳೆಯಿರಿ, ದನಿ ಆ ಗೆರೆಯ ಮೇಲೆ ಹತ್ತಿ ಇಳಿಯಲಿ. ದನಿ ಒಮ್ಮೆ ಮೇಲೆ ಹೋಯಿತು ಅಂದರೆ ಅಲ್ಲೇ ನಿಲ್ಲಿಸಿ, ನೀವೇ ಅವನ ಸ್ವರಕ್ಕೆ ಹೋಗಿ ಜೊತೆಯಾಗಿ. ಎರಡು ಸ್ವರ ಒಂದಾದಾಗ ಮಗುವಿನ ಮುಖದಲ್ಲೇ ಗೊತ್ತಾಗುತ್ತದೆ. ಅದಾದ ಮೇಲೆ ಹೆಸರು ಕರೆಯುವ ಆಟ. ಪ ದಿಂದ ಗ ಕ್ಕೆ ಇಳಿಯುತ್ತಾ ಒಬ್ಬೊಬ್ಬರ ಹೆಸರು ಹಾಡಿ, ಮಗು ಅದೇ ಎರಡು ಸ್ವರದಲ್ಲಿ "ಬಂದೆ" ಅನ್ನಲಿ. ಹಾಜರಿಯೂ ಆಯಿತು, ನಲವತ್ತು ಮಕ್ಕಳೂ ಒಬ್ಬೊಬ್ಬರಾಗಿ ಹಾಡಿದಂತೆಯೂ ಆಯಿತು. ಹಂಗೇರಿಯ ಜೋಲ್ತಾನ್ ಕೋದಾಯ್ (1882–1967) ಅವರ ಪದ್ಧತಿಯಲ್ಲೂ ಈ ಎರಡು ಸ್ವರವೇ ಮೊದಲು.

ಮಾಟುಂಗಾ_ವೀಣೆ
ಶ್ರುತಿಯ ಮಾತು ಪೂರ್ತಿ ಒಪ್ಪಿದೆ. ಸಣ್ಣ ಮಕ್ಕಳಿಗೆ ದೊಡ್ಡವರ ಶ್ರುತಿ ಹೇರುವುದು ತಪ್ಪು. ಜೊತೆಗೆ ಒಂದು ಮಾತು, ತಂಬೂರಿ ಹಾಕಿ. ಮೊಬೈಲಿನಲ್ಲಿ ಆ್ಯಪ್ ಇದೆ, ಸಣ್ಣ ಸ್ಪೀಕರ್ ಇದ್ದರೆ ಸಾಕು. ಮಕ್ಕಳು ಕ್ಲಾಸಿಗೆ ಕಾಲಿಡುವಾಗಲೇ ಅದು ನುಡಿಯುತ್ತಿರಬೇಕು. ಕಣ್ಣು ಮುಚ್ಚಿ ಒಂದು ನಿಮಿಷ ಸುಮ್ನೆ ಕೇಳಲಿ.

ಮಡಗಾಂವ್_ಘುಮಟ್
ಗೋವಾದಿಂದ. ಚೆಂಬೂರಿನವರು ಕೋದಾಯ್ ಹೆಸರು ತೆಗೆದರಲ್ಲ, ಕೈಸನ್ನೆಯನ್ನೂ ಸೇರಿಸಿ. ಅದನ್ನು 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಬಳಕೆಗೆ ತಂದರು, ಕೋದಾಯ್ ಕಡೆಯವರು ಎತ್ತಿಕೊಂಡರು. ಸ ಅಂದರೆ ಹೊಟ್ಟೆಯ ಮಟ್ಟದಲ್ಲಿ ಮುಷ್ಟಿ. ಗ ಅಂದರೆ ಎದೆಯ ಹತ್ತಿರ ಅಂಗೈ ಕೆಳಗೆ ಮಾಡಿ ಚಪ್ಪಟೆ. ಪ ಅಂದರೆ ಅಂಗೈ ನಮ್ಮ ಕಡೆಗೆ. ಸ್ವರ ಏರಿದಂತೆ ಕೈಯೂ ಏರುತ್ತದೆ. ಕೇಳಿಸಿಕೊಳ್ಳಲು ಕಷ್ಟಪಡುವ ಮಗುವಿಗೆ ಕಣ್ಣಿಗೆ ಕಾಣುತ್ತದೆ. ನಮ್ಮ ಕಡೆ ಇದು ಹೊಸದಲ್ಲ ಅನಿಸುತ್ತದೆ, ಪೋರ್ಚುಗೀಸರ ಕಾಲದ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಸೋಲ್ಫಾ (ದೋ ರೆ ಮಿ ಸ್ವರಪಾಠ), ಪಿಟೀಲು ಕಲಿಸುತ್ತಿದ್ದರು. ಊರೂರಲ್ಲಿ ಸ್ವರ ಓದಬಲ್ಲ ಅಜ್ಜಂದಿರು ಸಿಗುತ್ತಾರೆ.

ವಾದ್ಯ ಅಂದರೆ ಇಲ್ಲಿ ಘುಮಟ್. ಮಣ್ಣಿನ ಮಡಕೆ, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ, ಸಣ್ಣದು ತೆರೆದಿರುತ್ತದೆ. ಆ ತೆರೆದ ಬಾಯನ್ನು ಅಂಗೈಯಿಂದ ಮುಚ್ಚಿ ಬಿಟ್ಟರೆ ಸದ್ದು ಬದಲಾಗುತ್ತದೆ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇದೆ, ಈಗ ಆಡಿನ ಚರ್ಮ. 2019ರಲ್ಲಿ ಗೋವಾ ಸರ್ಕಾರ ಇದನ್ನು ರಾಜ್ಯದ ಪರಂಪರೆಯ ವಾದ್ಯ ಅಂತ ಘೋಷಿಸಿತು. ಚೌತಿಗೆ ಆರತಿ ಹೇಳುವಾಗ ಮನೆಮನೆಯಲ್ಲಿ ಘುಮಟ್. ನಮ್ಮ ಕನ್ನಡದ ಮಕ್ಕಳೂ ಪಕ್ಕದ ಮನೆಯಲ್ಲಿ ಕೂತು ಬಾರಿಸಲು ಕಲಿತಿದ್ದಾರೆ. ಠಾಣೆಯವರು ಖಾಲಿ ಮಡಕೆ ತಂದು ಬಾಯಿಯ ಮೇಲೆ ಅಂಗೈ ಆಡಿಸಿ ನೋಡಲಿ. ಘುಂ ಅನ್ನುತ್ತದೆ, ಗೋಡೆ ದಾಟುವುದಿಲ್ಲ.

ವಾಶಿ_ಅಪ್ಪ
ಇದೆಲ್ಲಾ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಪೋಷಕನಾಗಿ ಕೇಳುತ್ತಿದ್ದೇನೆ, ಕೊನೆಗೆ ಮಗು ಏನು ಕಲಿತಿದೆ ಅಂತ ನನಗೆ ಗೊತ್ತಾಗುವುದು ಹೇಗೆ? ನಮ್ಮ ವಾಶಿಯಲ್ಲೇ ಗಾಂಧರ್ವ ಮಹಾವಿದ್ಯಾಲಯ ಇದೆ. ಪ್ರಾರಂಭಿಕ, ಪ್ರವೇಶಿಕಾ ಅಂತ ಪರೀಕ್ಷೆ ಇದೆ. ಅದಕ್ಕೆ ತಯಾರು ಮಾಡಿದರೆ ಒಂದು ಗುರಿ ಇರುತ್ತದಲ್ವಾ? ನನ್ನ ಮಗ ಎರಡನೇ ಕ್ಲಾಸ್, ಪಕ್ಕದ ಮನೆಯ ಹುಡುಗ ಈಗಲೇ ಪ್ರಾರಂಭಿಕ ಮುಗಿಸಿದ್ದಾನೆ.

ಪುಣೆ_ಗದಗ
ಸರ್, ನಾನೇ ಆ ಪರೀಕ್ಷೆಗಳಿಗೆ ಮಕ್ಕಳನ್ನು ಕೂರಿಸುತ್ತೇನೆ. ಒಳ್ಳೆಯ ಪರೀಕ್ಷೆ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಶಾಲೆ ತೆರೆದು, ಸಂಗೀತ ಎಲ್ಲರ ಮಕ್ಕಳಿಗೂ ಸಿಗುವಂತೆ ಮಾಡಿದ್ದು ದೊಡ್ಡ ಕೆಲಸ. ಆದರೆ ಮಗು ತಾನಾಗಿ ಬಂದು "ಇನ್ನೊಂದು ರಾಗ ಹೇಳಿಕೊಡಿ" ಅನ್ನುವ ತನಕ ಕಾಯಿರಿ. ಪಕ್ಕದ ಮನೆಯ ಹುಡುಗನಿಗೂ ನಿಮ್ಮ ಮಗನಿಗೂ ಏನು ಸಂಬಂಧ?

ಮಗು ಕಲಿತಿದೆಯೋ ಇಲ್ಲವೋ ನೋಡಲು ಸುಲಭದ ಉಪಾಯ ಇದೆ. ಗೊತ್ತಿರುವ ಹಾಡು ಹೇಳಿಸಿ, ಮಧ್ಯೆ ಕೈ ಎತ್ತಿದರೆ ಬಾಯಿ ಬಂದ್, ಹಾಡು ಮನಸ್ಸಿನಲ್ಲೇ ಮುಂದುವರಿಯಬೇಕು. ಕೈ ಇಳಿಸಿದಾಗ ಸರಿಯಾದ ಜಾಗದಿಂದ, ಸರಿಯಾದ ಸ್ವರದಲ್ಲಿ ಎತ್ತಿಕೊಳ್ಳಬೇಕು. ಇದು ಬಂದರೆ ಲಯ, ಶ್ರುತಿ, ನೆನಪು ಮೂರೂ ಬಂದಿದೆ ಅಂತ ಅರ್ಥ. ಇವತ್ತು ರಾತ್ರಿ ಮಗನ ಜೊತೆ ಆಡಿ.

ವಾಶಿ_ಅಪ್ಪ
ಆಡುತ್ತೇನೆ. ಆದರೂ ಸರ್ಟಿಫಿಕೇಟ್ ಇದ್ದರೆ ಮಗುವಿಗೆ ಹುರುಪು ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮುಲುಂಡ್_ಸೈನ್ಸ್
ಜಲತರಂಗ ಮಾಡಿಸಿ. ಆರು ಗಾಜಿನ ಲೋಟ, ಒಂದು ಚಮಚ. ನೀರು ಜಾಸ್ತಿ ಹಾಕಿದಷ್ಟೂ ಸ್ವರ ಮೇಲೆ ಹೋಗುತ್ತದೆ.

ವಡಾಲಾ_ಮೇಷ್ಟ್ರು
ಕೆಳಗೆ ಹೋಗುತ್ತದೆ ಅಲ್ವಾ?

ಚೆಂಬೂರು_ವೃಂದ
ಮೇಷ್ಟ್ರು ಹೇಳಿದ್ದು ಸರಿ. ಲೋಟಕ್ಕೆ ತಟ್ಟಿದರೆ ಗಾಜು ಅದುರುತ್ತದೆ. ನೀರು ಜಾಸ್ತಿಯಾದಷ್ಟೂ ಭಾರ, ನಿಧಾನವಾಗಿ ಅದುರುತ್ತದೆ, ಸ್ವರ ಕೆಳಗೆ. ಬಾಟಲಿಯ ಬಾಯಿಗೆ ಊದಿದರೆ ಮಾತ್ರ ಮುಲುಂಡ್‌ನವರು ಹೇಳಿದಂತೆ. ಅಲ್ಲಿ ಅದುರುವುದು ಒಳಗಿನ ಗಾಳಿ. ನೀರು ಜಾಸ್ತಿಯಾದರೆ ಗಾಳಿಗೆ ಜಾಗ ಕಡಿಮೆ, ಸ್ವರ ಮೇಲೆ. ಒಂದೇ ಬಾಟಲಿಯಲ್ಲಿ ಎರಡನ್ನೂ ಮಾಡಿ ತೋರಿಸಿ, ಮೂರನೇ ಕ್ಲಾಸಿನ ಮಕ್ಕಳು ಪ್ರಶ್ನೆ ಕೇಳಿ ಕೇಳಿ ನಿಮ್ಮನ್ನು ಬಿಡುವುದಿಲ್ಲ.

ಮುಲುಂಡ್_ಸೈನ್ಸ್
ಹೌದು ಹೌದು, ನನ್ನ ತಲೆಯಲ್ಲಿ ಇದ್ದದ್ದು ಬಾಟಲಿ. ಥ್ಯಾಂಕ್ಸ್. ಒಂದನೇ ಕ್ಲಾಸಿಗೆ ಗಾಜು ಬೇಡ, ಸ್ಟೀಲ್ ಬಟ್ಟಲು ಆಗುತ್ತದೆ.

ಅಂಧೇರಿ_ಲೋಕಲ್
ವಿಷಯಕ್ಕೆ ಸ್ವಲ್ಪ ಪಕ್ಕಕ್ಕೆ, ಕ್ಷಮಿಸಿ. ಬೆಳಗಿನ ಲೋಕಲ್ ಟ್ರೈನಿನಲ್ಲಿ ಭಜನೆ ಮಂಡಳಿಯವರು ತಾಳ ಹಿಡಿದು ಹಾಡುತ್ತಾರಲ್ಲ, ನನ್ನ ಮಗನಿಗೆ ಲಯ ಬಂದಿದ್ದು ಅಲ್ಲಿ. ರೈಲಿನ ಡಬ್ಬಿಯಲ್ಲಿ ಯಾರೂ ಯಾರಿಗೂ ಪಾಠ ಮಾಡುವುದಿಲ್ಲ. ಪಕ್ಕದವರ ಕೈ ನೋಡಿಕೊಂಡು ತಟ್ಟುತ್ತಾ ತಟ್ಟುತ್ತಾ ಬಂತು.

ಪುಣೆ_ಗದಗ
ಪಕ್ಕಕ್ಕೆ ಏನಿಲ್ಲ, ವಿಷಯ ಇದೇ. ನಮ್ಮ ಗದಗ ಕಡೆಯ ಭೀಮಸೇನ ಜೋಶಿಯವರನ್ನೇ ನೋಡ್ರಿ. ಚಿಕ್ಕವರಿದ್ದಾಗ ವಾದ್ಯ ಬಾರಿಸಿಕೊಂಡು ಹೋಗುವ ಮೆರವಣಿಗೆ ಕಂಡರೆ ಸಾಕು, ಹಿಂದೆಯೇ ಹೋಗಿಬಿಡುತ್ತಿದ್ದರು. ದಣಿದು ಎಲ್ಲೋ ಮಲಗುತ್ತಿದ್ದರು. ಹುಡುಕಿ ಹುಡುಕಿ ಸಾಕಾದ ತಂದೆ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗ ಅಂತ ಬರೆಸಿದ್ದರು. ಮುಂದೆ ಇದೇ ಪುಣೆಯಲ್ಲಿ 1953ರಲ್ಲಿ ಗುರುಗಳ ಹೆಸರಿನ ಸವಾಯಿ ಗಂಧರ್ವ ಉತ್ಸವ ಶುರು ಮಾಡಿದರು.

ಮಾಟುಂಗಾ_ವೀಣೆ
ಅಂಥವರೂ ಗುರುವಿನ ಮುಂದೆ ಕೂತು ವರ್ಷಗಟ್ಟಲೆ ಸಾಧನೆ ಮಾಡಿದ್ದಾರೆ ಅನ್ನುವುದನ್ನೂ ಬರೆಯಿರಿ.

ಪುಣೆ_ಗದಗ
ಖಂಡಿತ ಮೇಡಂ. ಮೆರವಣಿಗೆ ಮೊದಲು, ಸಾಧನೆ ಆಮೇಲೆ. ಅಷ್ಟೇ ನನ್ನ ವಾದ.

ಡೊಂಬಿವಲಿ_ಅಮ್ಮ
ಮಹಾರಾಷ್ಟ್ರದ ಶಾಲೆಗಳಲ್ಲಿ ಲೇಜಿಮ್, ಅಂದರೆ ಅಲ್ಲಾಡಿಸಿದರೆ ಝಣಝಣ ಅನ್ನುವ ಕೈವಾದ್ಯ, ಇರುತ್ತದಲ್ಲ, ಅದನ್ನು ಯಾಕೆ ಯಾರೂ ಹೇಳಲಿಲ್ಲ? ಪಿಟಿ ರೂಮಿನಲ್ಲಿ ಧೂಳು ಹಿಡಿದು ಬಿದ್ದಿರುತ್ತದೆ.

ಪುಣೆ_ಗದಗ
ಒಳ್ಳೆಯ ಮಾತು, ಆದರೆ ಮೈದಾನದಲ್ಲಿ. ನಲವತ್ತು ಲೇಜಿಮ್ ಒಂದೇ ರೂಮಿನಲ್ಲಿ ಅಲ್ಲಾಡಿದರೆ ಕಿವಿ ಹೋಗುತ್ತದೆ. ಗಣಪತಿ ಸಮಯದಲ್ಲಿ ಢೋಲ್ ತಾಶಾ ಮುಂದೆ ಸಣ್ಣ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ದೂರ ನಿಲ್ಲಿ, ದಯವಿಟ್ಟು.

ಠಾಣೆ_ಟೀಚರ್
ರಾಜ್ಯೋತ್ಸವದ ಹಾಡಿನ ಬಗ್ಗೆಯೂ ಹೇಳಿ. ಸಂಘದವರಿಗೆ ನಾಡಗೀತೆಯೇ ಬೇಕಂತೆ, ಪೂರ್ತಿ. ಒಂದನೇ ಕ್ಲಾಸಿನ ಮಕ್ಕಳು ಅಷ್ಟೂ ಪದ ಹೇಗೆ ಹೇಳುತ್ತಾರೆ?

ವಡಾಲಾ_ಮೇಷ್ಟ್ರು
ಕರ್ನಾಟಕ ಸರ್ಕಾರದ 2022ರ ಆದೇಶದ ಪ್ರಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡ್. ದೊಡ್ಡ ಮಕ್ಕಳು ಚರಣ ಹೇಳಲಿ. ಸಣ್ಣವರಿಗೆ ಪಲ್ಲವಿ ಸಾಕು, ಪ್ರತಿ ಸಲ ಬಂದಾಗ ಅವರು ಸೇರಿಕೊಳ್ಳುತ್ತಾರೆ. ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿಸಬೇಡಿ. ಒಂದೊಂದು ಸಾಲಿಗೂ ಒಂದು ಚಿತ್ರ ಬಿಡಿಸಲು ಹೇಳಿ, ಆ ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ. ಕನ್ನಡ ಓದಲು ಬಾರದ ಮಗು ಚಿತ್ರ ನೋಡಿಕೊಂಡು ಸಾಲು ಹಿಡಿಯುತ್ತದೆ.

ಚೆಂಬೂರು_ವೃಂದ
ಇದಕ್ಕೆ ಒಂದು ಆಟ ಸೇರಿಸಿ. ಒಂದು ಮಗುವನ್ನು ಹೊರಗೆ ಕಳಿಸಿ ಡಸ್ಟರ್ ಬಚ್ಚಿಡಿ. ಮಗು ಒಳಗೆ ಬಂದು ಹುಡುಕುವಾಗ ಉಳಿದವರು ಪಲ್ಲವಿ ಹಾಡುತ್ತಿರಬೇಕು. ಡಸ್ಟರ್ ಹತ್ತಿರ ಬಂದರೆ ಜೋರು, ದೂರ ಹೋದರೆ ಮೆಲ್ಲಗೆ. ಒಂದು ಪೀರಿಯಡ್‌ನಲ್ಲಿ ಪಲ್ಲವಿಯನ್ನು ಎಷ್ಟು ಸಲ ಹಾಡಿದೆವು ಅಂತ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. "ಜೋರು" ಅಂದರೆ ಕಿರುಚುವುದಲ್ಲ ಅಂತ ಮೊದಲೇ ಹೇಳಿ. ಕಿರುಚಿದ ಕೂಡಲೇ ಮೆಲ್ಲಗೆಗೆ ಇಳಿಸಿಬಿಡಿ.

ಠಾಣೆ_ಟೀಚರ್
ಎಲ್ಲರಿಗೂ ತುಂಬಾ ಧನ್ಯವಾದ. ಸೋಮವಾರ ಎರಡನೇ ಕ್ಲಾಸಿಗೆ ಹೀಗೆ ಇಟ್ಟುಕೊಳ್ಳುತ್ತೇನೆ: ತಂಬೂರಿ, ಹೆಸರು ಕರೆಯುವುದು, ನಿಂತಲ್ಲೇ ನಡಿಗೆ, ಕಡುಬು ಬಿಸಿಬಿಸಿ, ಕೊನೆಗೆ ಡಸ್ಟರ್ ಆಟ. ವೀಣೆ ಮೇಡಂ, ಭಾನುವಾರದ ದೊಡ್ಡ ಮಕ್ಕಳಿಗೆ ಸರಳೆ ಬಿಡುವುದಿಲ್ಲ, ಕೈಸನ್ನೆ ಸೇರಿಸಿ ಹೇಳಿಸುತ್ತೇನೆ.

ಮಾಟುಂಗಾ_ವೀಣೆ
ಸಂತೋಷ. ಸರಳೆ ಹೇಳಿಸುವಾಗ ಆದಿತಾಳವನ್ನು ಕೈಯಲ್ಲಿ ಹಾಕಿಸಿ. ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಆಮೇಲೆ ಪೆಟ್ಟು-ಬೀಸು, ಪೆಟ್ಟು-ಬೀಸು. ಬೆರಳು ಎಣಿಸುವಾಗ ಮಕ್ಕಳ ಕೈಗೆ ಕೆಲಸ ಇರುತ್ತದೆ, ಪೆನ್ಸಿಲ್ ಡಬ್ಬಿಗೆ ಹೋಗುವುದಿಲ್ಲ.

ಮಡಗಾಂವ್_ಘುಮಟ್
ಆ ಹುಡುಗನ ದನಿ ಮೇಲೆ ಹೋಯಿತಾ ಅಂತ ಬರೆಯಿರಿ, ಅಕ್ಕ.

ವಾಶಿ_ಅಪ್ಪ
ಬಾಯಿ ಬಂದ್ ಆಟ ಆಡಿದೆವು. ಮಗ ಸರಿಯಾದ ಜಾಗದಿಂದ ಎತ್ತಿದ, ನಾನು ಒಂದು ಸಾಲು ಮುಂದೆ ಹೋಗಿದ್ದೆ. ಪರೀಕ್ಷೆ ಯಾವ ಕ್ಲಾಸಿನಿಂದ ಶುರು ಮಾಡಬಹುದು, ಗದಗದವರೇ?

ಪುಣೆ_ಗದಗ
ಐದನೇ ಕ್ಲಾಸಿಗೆ ಬರಲಿ ಸರ್, ಆಗ ಅವನನ್ನೇ ಕೇಳಿ.